ಮರ ಸವರುವುದೂ ಒಂದು ವಿದ್ಯೆ

ಮುಂಗಾರು ಹತ್ತಿರ ಬಂದಿತೆಂದರೆ ನಮ್ಮ ಊರುಗಳ ರಸ್ತೆಗಳಲ್ಲಿ ಒಂದು ಕೆಲಸ ಮೊದಲಾಗುತ್ತದೆ. ಲಾರಿಯೊಂದು ಬಂದು ನಿಲ್ಲುತ್ತದೆ. ನಾಲ್ಕಾರು ಮಂದಿ ಇಳಿಯುತ್ತಾರೆ. ವಿದ್ಯುತ್ ತಂತಿಗೆ ತಾಗುವ ಕೊಂಬೆಯನ್ನೂ, ಮುಂದೆಂದಾದರೂ ತಾಗಬಹುದಾದ ಕೊಂಬೆಯನ್ನೂ, ಕೈಗೆ ಸಿಕ್ಕಿತೆಂಬ ಒಂದೇ ಅಪರಾಧಕ್ಕಾಗಿ ಇನ್ನೆರಡನ್ನೂ ತರಿದು ಹಾಕಿ ಹೋಗುತ್ತಾರೆ. ಮರುದಿನ ನೋಡಿದರೆ ಹೊಂಗೆಯ ಮರ ಅರ್ಧ ತಲೆ ಬೋಳಿಸಿಕೊಂಡು ನಿಂತಿರುತ್ತದೆ. ಇದನ್ನು ಕಂಡ ವೃಕ್ಷಪ್ರೇಮಿಗಳು ಮರಕ್ಕೆ ಕತ್ತಿ ತಾಗಿಸಲೇ ಕೂಡದೆನ್ನುತ್ತಾರೆ. ಅದರ ಕೆಳಗೆ ಕಾರು ನಿಲ್ಲಿಸುವವರು ಬುಡಸಹಿತ ತೆಗೆದುಬಿಟ್ಟರೇ ಮೇಲೆನ್ನುತ್ತಾರೆ. ಈ ಎರಡು ಪಕ್ಷಗಳಲ್ಲಿ ಯಾವುದನ್ನೂ ನಾನು ಒಪ್ಪಲಾರೆ. ಊರಿನೊಳಗಿನ ಮರಕ್ಕೆ ಕತ್ತಿ ತಾಗಲೇಬೇಕಾಗುತ್ತದೆ. ಆ ಕತ್ತಿ ಹಿಡಿಯುವುದು ಒಂದು ವಿದ್ಯೆಯೆಂದು ನಾವು ಇನ್ನೂ ಒಪ್ಪಿಕೊಂಡಿಲ್ಲ. ನಮ್ಮ ತಕರಾರು ಅಲ್ಲಿಂದ ಹೊರಡಬೇಕು.

ಮನುಷ್ಯನ ಗಾಯ ಮಾಯುತ್ತದೆ, ಮರದ ಗಾಯ ಮಾಯುವುದಿಲ್ಲ. ಇದನ್ನು ಸ್ಪಷ್ಟವಾಗಿ ತೋರಿಸಿಕೊಟ್ಟವರು ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ವಿಜ್ಞಾನಿ ಅಲೆಕ್ಸ್ ಶೈಗೋ (1930-2006). ಅವರು ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿದರು. ಕಡಿದ ಜಾಗದ ಒಳಭಾಗವನ್ನು ಮರ ಸರಿಪಡಿಸಿಕೊಳ್ಳುವುದಿಲ್ಲ. ಅದರ ಸುತ್ತ ಗೋಡೆ ಕಟ್ಟಿ, ಕೊಳೆತವು ಹರಡದಂತೆ ತಡೆದು, ಹೊರಗಿನಿಂದ ಹೊಸ ಮರವನ್ನು ಬೆಳೆಸಿ ಮುಚ್ಚಿಕೊಳ್ಳುತ್ತದೆ. 1977ರಲ್ಲಿ ಪ್ರಕಟವಾದ ಈ ವಿಚಾರ ಮರ ಸವರುವವರ ಕೆಲಸವನ್ನೇ ಬದಲಾಯಿಸಿತು. ಗಾಯಕ್ಕೆ ಟಾರು ಬಳಿಯುವ ಹಳೆಯ ವಾಡಿಕೆಯಿಂದ ಕೊಳೆಯುವುದು ನಿಲ್ಲುವುದಿಲ್ಲವೆಂದೂ ಅವರು ಹೇಳಿದರು. ನಮ್ಮಲ್ಲಿ ಕೆಲವರು ಇನ್ನೂ ಬಳಿಯುತ್ತಲೇ ಇದ್ದಾರೆ. ಬಳಿದವರ ಮನಸ್ಸಿಗೆ ಸಮಾಧಾನವಾಗುತ್ತದೆ, ಅಷ್ಟೆ.

ಹಾಗಾದರೆ ಎಲ್ಲಿ ಕಡಿಯಬೇಕು? ಕೊಂಬೆಯು ಕಾಂಡದಿಂದ ಹೊರಡುವಲ್ಲಿ ತೊಗಟೆ ಸ್ವಲ್ಪ ಉಬ್ಬಿ, ಬಳೆ ತೊಡಿಸಿದಂತೆ ಕಾಣುತ್ತದೆ. ಮರಕ್ಕೆ ಗೋಡೆ ಕಟ್ಟುವ ಶಕ್ತಿಯಿರುವುದು ಈ ಬಳೆಯಲ್ಲಿ. ಗರಗಸ ಇದರ ಹೊರಗಡೆ, ಇದಕ್ಕೆ ತಗಲಿದಂತೆ ಓಡಬೇಕು. ಕಾಂಡಕ್ಕೆ ಸಮನಾಗಿ ಒತ್ತಿ ಕೊಯ್ದರೆ ಬಳೆಯೂ ಹೋಗುತ್ತದೆ. ಮೊಳದುದ್ದ ಬಿಟ್ಟು ಕಡಿದರೆ ಉಳಿದ ಮೋಟು ಒಣಗಿ, ಕೊಳೆತಕ್ಕೆ ಹೆಬ್ಬಾಗಿಲಾಗುತ್ತದೆ. ದಪ್ಪ ಕೊಂಬೆಯಾದರೆ ಮೂರು ಸಲ ಕೊಯ್ಯಬೇಕು. ಮೊದಲು ಕಾಂಡದಿಂದ ಒಂದು ಮೊಳ ದೂರದಲ್ಲಿ ಕೆಳಗಿನಿಂದ ಅರೆಬರೆ ಕೊಯ್ತ. ಅದಕ್ಕಿಂತ ತುಸು ಆಚೆ ಮೇಲಿನಿಂದ ಇನ್ನೊಂದು. ಭಾರವೆಲ್ಲ ಉರುಳಿದ ಮೇಲೆ ಮೋಟನ್ನು ಬಳೆಯ ಬಳಿ ಕೊನೆಯದಾಗಿ ತೆಗೆಯುವುದು. ಒಂದೇ ಏಟಿಗೆ ಮೇಲಿನಿಂದ ಕಡಿದರೆ ಬೀಳುವ ಕೊಂಬೆ ತನ್ನ ಜೊತೆಗೆ ಕಾಂಡದ ತೊಗಟೆಯನ್ನೂ ಮಾರುದ್ದ ಸುಲಿದುಕೊಂಡು ಹೋಗುತ್ತದೆ. ನಮ್ಮ ರಸ್ತೆಯ ಮರಗಳನ್ನು ಗಮನಿಸಿ ನೋಡಿದರೆ ಈ ಸುಲಿದ ಗುರುತು ಎಷ್ಟು ಸಾಮಾನ್ಯವೆಂಬುದು ತಿಳಿದೀತು.

ಇನ್ನು ಮರದ ತಲೆ ಕಡಿಯುವ ವಿಚಾರ. "ತಲೆ ಕಡಿದರೆ ಚೆನ್ನಾಗಿ ಚಿಗುರುತ್ತದೆ" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ಚಿಗುರುವುದೇನೋ ನಿಜ. ಎಲೆಯೆಲ್ಲ ಹೋದ ಮರ ಉಪವಾಸ ಬಿದ್ದು, ಕೂಡಿಟ್ಟ ಆಹಾರವನ್ನೆಲ್ಲ ಖರ್ಚು ಮಾಡಿ ಚಿಗುರುತ್ತದೆ. ಹಾಗೆ ಬಂದ ರೆಂಬೆಗಳು ಮರದ ಹೊರಪದರಕ್ಕೆ ಮಾತ್ರ ಅಂಟಿಕೊಂಡಿರುತ್ತವೆ. ಕೆಳಗೆ ಕಡಿದ ಬೊಡ್ಡೆ ಕೊಳೆಯುತ್ತಿರುತ್ತದೆ. ಕೆಲವು ವರ್ಷಗಳ ನಂತರ ಗಾಳಿಮಳೆಗೆ ಕಿತ್ತು ಬೀಳುವುವು ಇವೇ. ಆಗ ಬೈಗಳು ಮರಕ್ಕೆ.

ಇಂಗ್ಲಿಷರು ಪೊಲಾರ್ಡಿಂಗ್ ಎಂದು ಕರೆಯುವ ಪದ್ಧತಿ ನೋಡುವುದಕ್ಕೆ ಇದರಂತೆಯೇ ಇದ್ದರೂ ಬೇರೆಯೇ ಆದುದು. ಅದರಲ್ಲಿ ಮರ ಎಳೆಯದಾಗಿರುವಾಗಲೇ ಆಳೆತ್ತರದ ಮೇಲೆ ತಲೆ ತೆಗೆದು, ಕೆಲವು ವರ್ಷಗಳಿಗೊಮ್ಮೆ ತಪ್ಪದೆ ಅದೇ ಜಾಗದಲ್ಲಿ ಸವರುತ್ತಾರೆ. ಅಲ್ಲಿ ಮುಷ್ಟಿಯಂತೆ ಗಂಟು ಕಟ್ಟುತ್ತದೆ. ಆ ಗಂಟಿನ ಕೆಳಗೆ ಎಂದೂ ಕಡಿಯುವುದಿಲ್ಲ. ಲಂಡನ್ನಿನ ಪಕ್ಕದ ಎಪಿಂಗ್ ಕಾಡಿನಲ್ಲಿ ಹಳ್ಳಿಯ ಬಡವರು ಚಳಿಗಾಲದ ಸೌದೆಗಾಗಿ ತಲೆತಲಾಂತರದಿಂದ ಹೀಗೆ ಸವರುತ್ತಿದ್ದರು. ಜಮೀನುದಾರರು ಕಾಡಿಗೆ ಬೇಲಿ ಹಾಕಿದಾಗ ಲೌಟನ್ ಹಳ್ಳಿಯವರು ಆ ಹಕ್ಕಿಗಾಗಿ ಜೈಲಿಗೂ ಹೋದರು. 1878ರ ಕಾಯಿದೆ ಕಾಡನ್ನು ಉಳಿಸಿತು, ಸವರುವ ಹಕ್ಕನ್ನು ನಿಲ್ಲಿಸಿತು. ಪರಿಹಾರದ ಹಣದಿಂದ 1884ರಲ್ಲಿ ಆ ಹಳ್ಳಿಯಲ್ಲಿ ಒಂದು ಸಭಾಭವನವಾಯಿತು. ಮರಗಳಿಗೆ ಮಾತ್ರ ಒಳ್ಳೆಯದಾಗಲಿಲ್ಲ. ಗಂಟಿನ ಮೇಲಿನ ಕೊಂಬೆಗಳು ಅಂಕೆಯಿಲ್ಲದೆ ಬೆಳೆದು, ತಲೆಭಾರವಾಗಿ ಸೀಳತೊಡಗಿದುವು. ನೆಲಕ್ಕೆ ಬಿಸಿಲು ಬೀಳದಾಯಿತು. ಮುಂದೆ ಆ ಕಾಡನ್ನು ನೋಡಿಕೊಳ್ಳುವವರೇ ಮತ್ತೆ ಸವರುವುದಕ್ಕೆ ಕೈಹಾಕಬೇಕಾಯಿತು. ಮುಟ್ಟಲೇ ಕೂಡದೆನ್ನುವ ನಮ್ಮ ಮಿತ್ರರು ಇದನ್ನು ಗಮನಿಸಬೇಕು.

ಈ ವಿದ್ಯೆಗೆ ನಾವು ಇಂಗ್ಲೆಂಡಿಗೆ ಹೋಗಬೇಕಾಗಿಲ್ಲ. ಉತ್ತರ ಕನ್ನಡದ ಅಡಕೆ ತೋಟಗಳಿಗೆ ಸೊಪ್ಪಿನ ಬೆಟ್ಟಗಳುಂಟು. ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು. ಬಲ್ಲವನು ಮತ್ತಿಯ ಮರ ಹತ್ತಿದರೆ ಪಕ್ಕದ ಸೊಪ್ಪನ್ನು ಕಡಿದು, ತುದಿಯನ್ನು ಮುಟ್ಟದೆ ಇಳಿಯುತ್ತಾನೆ. ಅರಿಯದವನು ಅಥವಾ ಆಸೆಬುರುಕನು ಕಡಿದ ಬೆಟ್ಟಗಳಲ್ಲಿ ಮರಗಳು ಕಂಬಗಳಂತೆ ನಿಂತಿರುವುದನ್ನೂ ಕಾಣಬಹುದು. ಕೊಡಗು, ಚಿಕ್ಕಮಗಳೂರುಗಳ ಕಾಫಿ ತೋಟಗಳಲ್ಲಿ ಇದಕ್ಕೆ ಮರಗಸಿ ಎನ್ನುತ್ತಾರೆ. ಕಾಫಿ ಗಿಡಕ್ಕೆ ಎಷ್ಟು ಬಿಸಿಲು, ಎಷ್ಟು ನೆರಳು ಬೇಕೆಂದು ಕೆಳಗೆ ನಿಂತು ಅಳೆದು, ಮೇಲೆ ಹತ್ತಿ ಬೇಕಾದ ಕೊಂಬೆಯನ್ನು ಉಳಿಸಿ ಬೇಡವಾದುದನ್ನು ತೆಗೆಯುವ ಆ ಆಳುಗಳ ಕಣ್ಣಳತೆಗೆ ನಮ್ಮ ಪದವಿಗಳು ಸರಿದೂಗಲಾರವು. ಮರಗಸಿಯಲ್ಲಿ ಬಿದ್ದೋ, ಏಣಿ ವಿದ್ಯುತ್ ತಂತಿಗೆ ತಾಗಿಯೋ ಸತ್ತವರ ಸುದ್ದಿ ಪತ್ರಿಕೆಯ ಮೂಲೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಹೆಸರು, ವಯಸ್ಸು, ಊರು, ಮೂರು ಸಾಲು.

1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯಂತೆ ಮರ ಕಡಿಯಬೇಕಾದರೆ ವೃಕ್ಷಾಧಿಕಾರಿಯ ಅಪ್ಪಣೆ ಬೇಕು. ಒಳ್ಳೆಯದೇ. ಆದರೆ ಅಪ್ಪಣೆಯ ಕಾಗದವು ಗರಗಸವನ್ನು ಎಲ್ಲಿ ಇಡಬೇಕೆಂದು ಹೇಳಿಕೊಡಲಾರದು. ಬಡಗಿಗೆ, ಗಾರೆಯವನಿಗೆ, ತಂತಿ ಜೋಡಿಸುವವನಿಗೆ ಕಸುಬು ಕಲಿಸಲು ಕೈಗಾರಿಕಾ ತರಬೇತಿ ಕೇಂದ್ರಗಳಿವೆ. ಮರ ಸವರುವವನಿಗೂ ಆರು ತಿಂಗಳ ಪಾಠ ಏಕಿರಬಾರದು? ಹಗ್ಗ ಕಟ್ಟುವ ಬಗೆ, ಸೊಂಟಪಟ್ಟಿ, ಹೆಲ್ಮೆಟ್ಟು, ಮೂರು ಕೊಯ್ತದ ಕ್ರಮ, ತಂತಿಯಲ್ಲಿ ಕರೆಂಟು ನಿಲ್ಲಿಸಿದ ಮೇಲೆಯೇ ಮರ ಹತ್ತಬೇಕೆಂಬ ನಿಯಮ — ಇಷ್ಟನ್ನು ಕಲಿತವನಿಗೇ ಕೆಲಸ ಕೊಡುವುದೆಂದು ಪುರಸಭೆಗಳು ಗೊತ್ತುಮಾಡಲಿ. ಮರಗಸಿ ಬಲ್ಲ ಹಿರಿಯರನ್ನೇ ಉಪಾಧ್ಯಾಯರನ್ನಾಗಿ ಕರೆಯಲಿ. ಖರ್ಚಿನ ಪ್ರಶ್ನೆ ಎತ್ತುವವರಿದ್ದಾರೆ. ಬಿದ್ದ ಮರವನ್ನೂ ಅದರಡಿ ನಜ್ಜುಗುಜ್ಜಾದ ಆಟೋವನ್ನೂ ತೆಗೆಸುವ ಖರ್ಚನ್ನು ಅವರು ಯಾವ ಲೆಕ್ಕದಲ್ಲಿ ಬರೆಯುತ್ತಾರೋ ಕಾಣೆ.

ನಮ್ಮ ಕಾಲೇಜಿನ ಆವರಣದಲ್ಲಿಯೂ ಮಳೆಮರಗಳಿವೆ. ಅವುಗಳ ಸರದಿಯೂ ಬರುತ್ತದೆ. ಆ ದಿನ ಲಾರಿಯಿಂದ ಇಳಿದವರನ್ನು ವಿದ್ಯಾರ್ಥಿಗಳು ಬೈದು ಅಟ್ಟಬೇಕಾಗಿಲ್ಲ. ಒಂದು ಲೋಟ ಚಹ ಕೊಟ್ಟು, ಆ ಉಬ್ಬಿದ ಬಳೆಯನ್ನು ತೋರಿಸಿ, "ಅಣ್ಣ, ಇದರಿಂದ ಈಚೆಗೆ ಬೇಡ" ಎಂದು ಹೇಳುವಷ್ಟಾದರೂ ನಾವು ತಿಳಿದುಕೊಂಡಿರೋಣ.