ಮಂಗನ ಕಾಯಿಲೆಗೆ ಮದ್ದು ಏಕಿಲ್ಲ?

ಸೊಪ್ಪಿನ ಬೆಟ್ಟದಲ್ಲಿ ಮಂಗ ಸತ್ತು ಬಿದ್ದಿತೆಂದರೆ ಇಸಳೂರಿನಂಥ ಊರುಗಳಿಂದ ಸಿದ್ದಾಪುರದ ಕಾಡಂಚಿನವರೆಗೆ ದರಕು ಗುಡಿಸಲು ಹೋಗುವ ಹೆಂಗಸರ ಎದೆ ಡವಗುಟ್ಟುತ್ತದೆ. ಆರೋಗ್ಯ ಇಲಾಖೆಯ ಜೀಪು ಬರುತ್ತದೆ. ಉಣುಗು ಕಚ್ಚದಂತೆ ಮೈಗೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಕೊಟ್ಟು, ಕಾಡಿಗೆ ಹೋಗಬೇಡಿರೆಂದು ಬುದ್ಧಿ ಹೇಳಿ ಹಿಂದಿರುಗುತ್ತದೆ. ಕಾಡಿಗೆ ಹೋಗದಿದ್ದರೆ ಅಂದಿನ ಕೂಲಿಯನ್ನು ಯಾರು ಕೊಡುತ್ತಾರೆಂಬುದನ್ನು ಮಾತ್ರ ಆ ಜೀಪು ಹೇಳುವುದಿಲ್ಲ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತವು. ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು, ಅವರ ಬೆನ್ನಿಗಿದ್ದ ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನದವರು ಧಾವಿಸಿ ಬಂದರು. ಆಫ್ರಿಕೆಯ ಹಳದಿ ಜ್ವರ ಏಷ್ಯಕ್ಕೆ ಕಾಲಿಟ್ಟಿತೋ ಏನೋ ಎಂಬುದು ಅವರ ಭಯವಾಗಿತ್ತು. ಅದಲ್ಲ, ಉಣುಗಿನಿಂದ ಹರಡುವ ಬೇರೆಯೇ ವೈರಸ್ಸು ಎಂದು ತಿಳಿಯಿತು. ಪುಣೆಯ ವಿಜ್ಞಾನಿಗಳು ಆಮೇಲೂ ವರ್ಷಗಟ್ಟಲೆ ದುಡಿದರು. ಅದನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ಲೋಕದ ಅವಸರ ಅಲ್ಲಿಗೇ ಇಳಿದುಹೋಯಿತು. ಸಾಯುವವರು ಮಲೆನಾಡಿನ ಕೂಲಿಗಳು ಮಾತ್ರವೆಂದು ಖಾತ್ರಿಯಾಗಿತ್ತಲ್ಲ!

ಇಂದಿಗೂ ಈ ಜ್ವರ ಹಿಡಿದವನಿಗೆ ಆಸ್ಪತ್ರೆಯಲ್ಲಿ ಸಿಗುವುದು ಸಲೈನು, ಜ್ವರದ ಮಾತ್ರೆ, ರಕ್ತಸ್ರಾವವಾದರೆ ರಕ್ತ. ವೈರಸ್ಸನ್ನೇ ಹಿಡಿದು ನಿಲ್ಲಿಸುವ ಮದ್ದಿಲ್ಲ. ನೂರಕ್ಕೆ ಮೂರರಿಂದ ಐದು ಜನ ಸಾಯುತ್ತಾರೆ. 2024ರಲ್ಲಿ ಸಿದ್ದಾಪುರ ತಾಲ್ಲೂಕು ಇದನ್ನು ಮತ್ತೆ ಕಂಡಿತು. ಹಳೆಯ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನೂ ನಿಲ್ಲಿಸಿಯಾಗಿದೆ. ಹೊಸ ಲಸಿಕೆ ತಯಾರಾಗುತ್ತಿದೆಯೆನ್ನುತ್ತಾರೆ. ಬರಲಿ, ಬೇಗ ಬರಲಿ. ಆದರೆ ಈಗಾಗಲೇ ಜ್ವರ ಏರಿ ಮಲಗಿದವನಿಗೆ ಲಸಿಕೆಯಿಂದ ಪ್ರಯೋಜನವಿಲ್ಲ.

ಅಂಥ ಮದ್ದನ್ನು ಮಾಡಲು ಬರುವುದಿಲ್ಲವೇ? ಬರುತ್ತದೆ. ರೋಗದಿಂದ ಗುಣವಾದವನ ರಕ್ತದಲ್ಲಿ ಆ ವೈರಸ್ಸನ್ನು ಗುರುತು ಹಿಡಿದು, ಅದಕ್ಕೆ ಅಂಟಿಕೊಂಡು, ಜೀವಕೋಶದೊಳಗೆ ನುಗ್ಗದಂತೆ ತಡೆಯುವ ಪ್ರತಿಕಾಯಗಳಿರುತ್ತವೆ. ಅರ್ಜೆಂಟೀನದ ಜೋಳದ ಹೊಲಗಳಲ್ಲಿ ದುಡಿಯುವ ಕೂಲಿಗಳನ್ನು ಇಂಥದೇ ರಕ್ತಸ್ರಾವದ ಜ್ವರವೊಂದು ಕೊಲ್ಲುತ್ತಿತ್ತು. ಅಲ್ಲಿ ಅದನ್ನು ತರುತ್ತಿದ್ದುದು ಇಲಿ. ಡಾಕ್ಟರ್ ಮೈಸ್ತೆಗಿಯವರ ತಂಡ ಗುಣವಾದವರ ಪ್ಲಾಸ್ಮಾವನ್ನು ಜ್ವರ ಬಂದ ಎಂಟು ದಿನಗಳೊಳಗೆ ರೋಗಿಗಳಿಗೆ ಕೊಟ್ಟು ನೋಡಿತು. ಸಾಮಾನ್ಯ ಪ್ಲಾಸ್ಮಾ ಪಡೆದವರಲ್ಲಿ ನೂರಕ್ಕೆ ಹದಿನಾರು ಮಂದಿ ಸತ್ತರೆ, ಇದನ್ನು ಪಡೆದವರಲ್ಲಿ ಸತ್ತವರು ನೂರಕ್ಕೆ ಒಬ್ಬರು. ಈ ಲೆಕ್ಕ 1979ರಲ್ಲೇ ಅಚ್ಚಾಗಿದೆ. ಅದು ಶ್ರೀಮಂತ ದೇಶವೇನಲ್ಲ. ಪೆರ್ಗಾಮಿನೋ ಎಂಬ ಊರಿನಲ್ಲಿ ಸರಕಾರದ್ದೇ ಸಂಸ್ಥೆಯಿದೆ, ಲಸಿಕೆಯೂ ಅಲ್ಲಿಯೇ ತಯಾರಾಗುತ್ತದೆ.

ಎಬೋಲಾದ ಕಥೆ ಬೇರೆ. ಆ ಜ್ವರ 1976ರಿಂದಲೂ ಆಫ್ರಿಕದವರನ್ನು ಕೊಲ್ಲುತ್ತಿತ್ತು. 2014ರಲ್ಲಿ ಅದು ವಿಮಾನ ಹತ್ತಿ ಬಂದೀತೆಂಬ ದಿಗಿಲು ಹುಟ್ಟಿದ ಮೇಲೆ ಕೋಟಿಗಟ್ಟಲೆ ಡಾಲರು ಹರಿಯಿತು. ಅದೇ ವರ್ಷದ ಒಂದು ಪ್ರಯೋಗದಲ್ಲಿ 18 ಮಂಗಗಳಿಗೆ ರೋಗ ತಗುಲಿಸಿ, ಕೆಲವಕ್ಕೆ ಐದು ದಿನ ಕಳೆದ ಮೇಲೆ, ಮೂರು ಪ್ರತಿಕಾಯಗಳ ಮಿಶ್ರಣ ಕೊಟ್ಟರು. ಹದಿನೆಂಟೂ ಬದುಕಿದವು, ಮದ್ದು ಕೊಡದ ಮೂರು ಸತ್ತವು. ಮುಂದೆ ಕಾಂಗೋದಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದಾಗ ಅದೇ ಮಿಶ್ರಣ ಪಡೆದವರಲ್ಲಿ ಅರ್ಧದಷ್ಟು ಜನ ಸತ್ತರು. ಬೇರೆ ಎರಡು ಮದ್ದುಗಳು ಅದಕ್ಕಿಂತ ಮೇಲೆಂದು ಕಂಡುಬಂದು 2020ರಲ್ಲಿ ಅಮೆರಿಕೆಯಲ್ಲಿ ಮಂಜೂರಾದವು. ಅವುಗಳಲ್ಲೊಂದರ ಮೂಲ 1995ರಲ್ಲಿ ಕಾಂಗೋದ ಕಿಕ್ವಿಟ್ ಪಟ್ಟಣದಲ್ಲಿ ಬದುಕುಳಿದ ಒಬ್ಬನ ರಕ್ತ. ಅದನ್ನು ಮಾರುವ ಹಕ್ಕು ಮಯಾಮಿಯ ಕಂಪನಿಯದು. ರಕ್ತ ಒಬ್ಬನದು, ಪೇಟೆಂಟು ಇನ್ನೊಬ್ಬನದು!

ನಮ್ಮ ಮಲೆನಾಡಿನಲ್ಲಿ ಈ ಜ್ವರದಿಂದ ಎದ್ದವರು ಎಷ್ಟು ಜನರಿಲ್ಲ? ಪುಣೆಯಲ್ಲಿ ಇಂಥ ವೈರಸ್ಸನ್ನು ಇಟ್ಟುಕೊಂಡು ಕೆಲಸ ಮಾಡಬಲ್ಲ, ಅತಿ ಹೆಚ್ಚು ಸುರಕ್ಷೆಯ ಪ್ರಯೋಗಾಲಯವಿದೆ. ನಮ್ಮ ಕಾಡಿನ ಜಾತಿಯ ಮಂಗಗಳಿಗೇ ರೋಗ ತಗುಲಿಸಿ ಅದರ ನಡೆಯನ್ನು ಅಲ್ಲಿ ಅಭ್ಯಾಸ ಮಾಡಿದ್ದಾರೆ. ಹಾಗಿರುವಾಗ ಕೊರತೆ ವಿದ್ಯೆಯದಲ್ಲ. ವರ್ಷಕ್ಕೆ ಕೆಲವು ನೂರು ರೋಗಿಗಳಿಗಾಗಿ ಇಷ್ಟು ಖರ್ಚೇ ಎಂದು ಕೆಲವರು ಕೇಳುತ್ತಾರೆ. ಹೌದು, ಕಂಪನಿಗೆ ಇದರಲ್ಲಿ ಲಾಭವಿಲ್ಲ. ಆದುದರಿಂದಲೇ ಇದು ಸರಕಾರದ ಕೆಲಸ.

ಗಿರಣಿ ಕೆಲಸಗಾರ ಗೆಳೆಯರೇ, ಕಾಡಿನ ಜ್ವರ ನಮಗೇಕೆ ಎನ್ನಬೇಡಿ. ನಿಮ್ಮ ಅಣ್ಣತಮ್ಮಂದಿರು, ಅತ್ತೆಮನೆಯವರು ಬೆಟ್ಟದ ಬದಿಯಲ್ಲೇ ಇದ್ದಾರೆ. ಸಣ್ಣ ಅಂಗಡಿಕಾರರ ಉದ್ರಿ ಪುಸ್ತಕದಲ್ಲಿರುವುದು ಅವರದೇ ಹೆಸರು. ಜ್ವರದ ಕಾಲ ಡಿಸೆಂಬರಿನಿಂದ ಮೇ. ಕೊನೆಕೊಯ್ಲಿನ, ದರಕಿನ ಕಾಲವೂ ಅದೇ. ಆಗ ಎರಡು ವಾರ ಮಲಗಿದವನ ಉದ್ರಿ ಮುಂದಿನ ವರ್ಷಕ್ಕೂ ತೀರುವುದಿಲ್ಲ.

ಪ್ರತಿಕಾಯ ಕೊಟ್ಟೊಡನೆ ಎಲ್ಲ ಗುಣವೆಂದು ನಾವು ಹೇಳುವುದಿಲ್ಲ. ಇದೇ ಕುಲದ, ಉಣುಗಿನಿಂದಲೇ ಬರುವ ಯೂರೋಪಿನ ಮಿದುಳು ಜ್ವರಕ್ಕೆ ಹಿಂದೆ ಇಂಥ ಮದ್ದು ಕೊಟ್ಟು, ಮಕ್ಕಳಲ್ಲಿ ರೋಗ ಉಲ್ಬಣಿಸಿತೆಂಬ ಸಂಶಯದಿಂದ ಕೈಬಿಟ್ಟರು. ಅರ್ಜೆಂಟೀನದಲ್ಲೂ ಪ್ಲಾಸ್ಮಾ ಪಡೆದು ಬದುಕಿದ ಕೆಲವರಿಗೆ ಆಮೇಲೆ ನರಗಳ ತೊಂದರೆ ಕಾಣಿಸಿತು. ಮೊದಲು ಇಲಿಯ ಮೇಲೆ, ಆಮೇಲೆ ಮಂಗದ ಮೇಲೆ, ಕೊನೆಗೆ ಒಪ್ಪಿದ ಮನುಷ್ಯನ ಮೇಲೆ ಪರೀಕ್ಷೆಯಾಗಲಿ. ಅದಕ್ಕೆ ಹತ್ತು ವರ್ಷ ಹಿಡಿದರೂ ಹಿಡಿಯಲಿ. ಮೊದಲ ವರ್ಷವೆಂಬುದು ಯಾವಾಗ?

ನಮ್ಮ ಬೇಡಿಕೆ ಇಷ್ಟೇ. ಗುಣವಾದವರ ಒಪ್ಪಿಗೆ ಪಡೆದು ಅವರ ರಕ್ತವನ್ನು ಸಂಗ್ರಹಿಸುವ ಕೆಲಸ ಸರಕಾರಿ ಸಂಸ್ಥೆಯಲ್ಲಿ ಆರಂಭವಾಗಲಿ. ಅದರಿಂದ ಹುಟ್ಟುವ ಮದ್ದಿನ ಹಕ್ಕು ಯಾವ ಕಂಪನಿಯ ಪಾಲೂ ಆಗಕೂಡದು. ಇಂಥ ಮದ್ದು ನಾಟುವುದು ಜ್ವರದ ಮೊದಲ ದಿನಗಳಲ್ಲಿ. ಆದುದರಿಂದ ಕಾಡಂಚಿನ ಹಳ್ಳಿಯವನ ರಕ್ತಪರೀಕ್ಷೆಯ ಫಲ ಮೂರನೆಯ ದಿನಕ್ಕೇ ಅವನ ಡಾಕ್ಟರ ಕೈಯಲ್ಲಿರಬೇಕು. ಇದಕ್ಕೆ ಎಷ್ಟು ಹಣ, ಯಾವ ದಿನಾಂಕ ಎಂಬುದನ್ನು ಆರೋಗ್ಯ ಮಂತ್ರಿಗಳು ಡಿಸೆಂಬರಿಗೆ ಮುಂಚೆ ಶಿರಸಿಗೆ ಬಂದು ಹೇಳಲಿ.