ಬೈರಮಂಗಲ ಕ್ರಾಸಿನ ಜಗಳ

2010ರ ಮಾರ್ಚ್ ತಿಂಗಳು. ಬೈರಮಂಗಲ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ನಿಂತವರ ಬಾಯಲ್ಲೆಲ್ಲ ಒಂದೇ ಮಾತು. ಮಾರ್ಚ್ 2ರ ರಾತ್ರಿ ತಮಿಳು ವಾಹಿನಿಯೊಂದು ಸ್ವಾಮಿ ನಿತ್ಯಾನಂದ ಅವರದ್ದೆನ್ನಲಾದ ಖಾಸಗಿ ವಿಡಿಯೊ ಬಿತ್ತರಿಸಿತ್ತು. ಬೆಳಗಾಗುವಷ್ಟರಲ್ಲಿ ಅವರ ಆಶ್ರಮವಿದ್ದ ಬಿಡದಿಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಕಲ್ಲುಗೋಪಹಳ್ಳಿಯ ಧ್ಯಾನಪೀಠದ ಮುಂದೆ ಜನ ಸೇರಿದರು, ನುಗ್ಗಿ ಹಾಳುಮಾಡಿದವರೂ ಇದ್ದರು. ಕ್ರಾಸಿನಲ್ಲಿ ಒಬ್ಬರು, “ಕಳ್ಳ ಸ್ವಾಮಿ ಅಂತ ನಾನು ಅವತ್ತೇ ಹೇಳಿರ್ನಿಲ್ವಾ?” ಅಂದರು. ಪಕ್ಕದಲ್ಲಿ ಹುಲ್ಲಿನ ಹೊರೆ ಇಳಿಸಿ ನಿಂತಿದ್ದ ಹೆಂಗಸೊಬ್ಬರು ಸುಮ್ಮನಿರಲಿಲ್ಲ. “ನಿಮ್ಗೇನ್ ಗೊತ್ತಣ್ಣ? ನಮ್ ಹುಡುಗ ಅಲ್ಲಿ ಧ್ಯಾನಕ್ಕೋಗಿ ಕುಡಿಯೋದು ಬಿಟ್ಟವ್ನೆ. ನಮ್ ಮನೆ ಉಳೀತು.”

ಬಸ್ಸು ಬಂತು, ಇಬ್ಬರೂ ಹತ್ತಿ ಹೋದರು. ಆ ಜಗಳ ಮಾತ್ರ ನನ್ನ ತಲೆಯಿಂದ ಇಳಿದಿಲ್ಲ. ಇಬ್ಬರಲ್ಲಿ ಯಾರೂ ಸುಳ್ಳು ಹೇಳಲಿಲ್ಲ ಎಂದೇ ನಾನು ನಂಬಿದ್ದೇನೆ. ಹಾಗಾದರೆ ಅಲ್ಲಿದ್ದದ್ದು ಧರ್ಮವೋ, ದಂಧೆಯೋ?

ಇಂಗ್ಲಿಷ್ ಪತ್ರಿಕೆಗಳಿಗೆ ಇದು ಸುಲಭ. ‘ಕಲ್ಟ್’ ಎಂದು ಬರೆದರೆ ತೀರ್ಪೂ ಅದರಲ್ಲೇ ಬಂದುಬಿಡುತ್ತದೆ. ಕನ್ನಡದಲ್ಲಿ ನಮಗೆ ಆ ಅನುಕೂಲವಿಲ್ಲ. ನಮ್ಮಲ್ಲಿರುವ ಮಾತು ‘ಪಂಥ’. ಅದರ ಅರ್ಥ ದಾರಿ. ಶರಣ ಪಂಥ, ದಾಸ ಪಂಥ, ನಾಥ ಪಂಥ ಎನ್ನುವಾಗ ಯಾರೂ ಮೂಗು ಮುರಿಯುವುದಿಲ್ಲ. ಆದಿಚುಂಚನಗಿರಿ ನಾಥ ಪಂಥದ ಮಠ. 1974ರಲ್ಲಿ ಅದರ ಪೀಠವೇರಿ 2013ರವರೆಗೆ ನಡೆಸಿದ ಬಾಲಗಂಗಾಧರನಾಥ ಸ್ವಾಮೀಜಿ ಹುಟ್ಟಿದ್ದು ಇದೇ ಬಿಡದಿಯ ಬಗಲಲ್ಲಿರುವ ಬಾನಂದೂರಿನಲ್ಲಿ. ಮಾಗಡಿ ತಾಲ್ಲೂಕಿನ ವೀರಾಪುರ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯ ಹುಟ್ಟೂರು. ಈಗ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾಗಿರುವ ನಮ್ಮ ರಾಮನಗರ ಜಿಲ್ಲೆಗೆ ಸ್ವಾಮಿಗಳು ಹೊಸಬರಲ್ಲ. ಕಾವಿ ಕಂಡರೆ ‘ಬುದ್ಧಿ’ ಎಂದು ಕೈಮುಗಿಯುವುದು ಇಲ್ಲಿನ ಜನಕ್ಕೆ ಹುಟ್ಟಿನಿಂದ ಬಂದ ಅಭ್ಯಾಸ.

ಈ ಅಭ್ಯಾಸವನ್ನು ಮೌಢ್ಯ ಎಂದು ತಳ್ಳಿಹಾಕುವವರ ಜೊತೆ ನಾನಿಲ್ಲ. ಇವತ್ತು ನಾವು ಧರ್ಮ ಎಂದು ಗೌರವಿಸುವ ಎಷ್ಟೋ ಸಂಗತಿಗಳು ಹುಟ್ಟಿದಾಗ ಊರಿಗೆ ಆಗಿಬಂದವಲ್ಲ. ಹನ್ನೆರಡನೇ ಶತಮಾನದಲ್ಲಿ ಮಗ ಜಾತಿ ಬಿಟ್ಟು, ಮನೆದೇವರನ್ನು ಬಿಟ್ಟು ಕಲ್ಯಾಣದ ಹಾದಿ ಹಿಡಿದನೆಂದು ಎದೆ ಬಡಿದುಕೊಂಡ ತಂದೆತಾಯಿ ಇದ್ದೇ ಇರುತ್ತಾರೆ. ಯಾರೋ ಮಗನ ತಲೆ ಕೆಡಿಸಿದರು ಎಂದೇ ಅವರೂ ಅಂದುಕೊಂಡಿರುತ್ತಾರೆ. ಹೊಸದು, ವಿಚಿತ್ರ, ಗುರುವಿನ ಮಾತೇ ಅಲ್ಲಿ ವೇದವಾಕ್ಯ ಎಂಬಷ್ಟಕ್ಕೇ ಒಂದು ಗುಂಪನ್ನು ಅಪಾಯಕಾರಿ ಎನ್ನುವುದಾದರೆ ಶರಣರನ್ನೂ ಆ ಪಟ್ಟಿಗೆ ಸೇರಿಸಬೇಕಾಗುತ್ತದೆ.

ಭಕ್ತರ ಪರವಾದ ವಾದ ಇಷ್ಟಕ್ಕೆ ಮುಗಿಯುವುದಿಲ್ಲ. ತಿರುವಣ್ಣಾಮಲೈನಿಂದ ಬಂದ ನಿತ್ಯಾನಂದ 2003ರಲ್ಲಿ ಬಿಡದಿಯಲ್ಲಿ ಧ್ಯಾನಪೀಠ ಶುರುಮಾಡಿದಾಗ ಇನ್ನೂ ಇಪ್ಪತ್ತೈದರ ಹರೆಯ. ಬೆಂಗಳೂರಿನ ಸಾಫ್ಟ್‌ವೇರ್ ಎಂಜಿನಿಯರುಗಳು, ಡಾಕ್ಟರುಗಳು, ಅಮೆರಿಕದಲ್ಲಿ ನೆಲೆಸಿದವರು ಶಿಬಿರಕ್ಕೆ ಬಂದರು. ಅವರೆಲ್ಲ ಓದು ಬರಹ ಬಲ್ಲವರು. ತಮಗೆ ನಿದ್ದೆ ಬಂತು, ಸಿಟ್ಟು ಇಳಿಯಿತು, ಬದುಕಿಗೆ ಅರ್ಥ ಸಿಕ್ಕಿತು ಎಂದು ಅವರು ಹೇಳುವಾಗ, ಇಲ್ಲ, ನಿನಗೆ ಹಾಗೆ ಆಗಿಲ್ಲ ಎನ್ನಲು ಹೊರಗೆ ನಿಂತ ನಾವು ಯಾರು? ವಿಡಿಯೊ ನಕಲಿ ಎಂದು ನಿತ್ಯಾನಂದ ವಾದಿಸಿದರು. ಆರೋಪಗಳನ್ನೆಲ್ಲ ಅಲ್ಲಗಳೆದರು. ಯಾವ ನ್ಯಾಯಾಲಯವೂ ಅವರನ್ನು ಅಪರಾಧಿ ಎಂದು ಘೋಷಿಸಿಲ್ಲ. ಮಲಗುವ ಕೋಣೆಯೊಳಗೆ ಕ್ಯಾಮೆರಾ ಇಟ್ಟು ಮನೆಮನೆಯ ಟಿವಿಯಲ್ಲಿ ತೋರಿಸುವುದು ಯಾವ ನ್ಯಾಯ ಎಂಬ ಅವರ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರವಿಲ್ಲ. 2012ರ ಜೂನಿನಲ್ಲಿ ಆಶ್ರಮದ ಪತ್ರಿಕಾಗೋಷ್ಠಿಯಲ್ಲಿ ಗಲಾಟೆಯಾಗಿ, ಆಗಿನ ಮುಖ್ಯಮಂತ್ರಿ ಡಿ.ವಿ. ಸದಾನಂದ ಗೌಡರು ಆಶ್ರಮವನ್ನು ವಶಕ್ಕೆ ತೆಗೆದುಕೊಳ್ಳಲು ಆದೇಶಿಸಿದಾಗಲೂ ನನಗೆ ಕಸಿವಿಸಿಯಾಗಿತ್ತು. ಗುರುವಿನ ಮೇಲಿನ ಕೇಸಿಗೆ ಭಕ್ತರ ಪೂಜಾಸ್ಥಳಕ್ಕೆ ಬೀಗ ಏಕೆ?

ಇನ್ನೊಂದು ಪಕ್ಕದ ಮಾತು ಇದಕ್ಕಿಂತ ಭಾರವಾಗಿದೆ. 2010ರಲ್ಲಿ ಪೊಲೀಸರಿಗೆ ದೂರು ಕೊಟ್ಟದ್ದು ಹೊರಗಿನ ವೈರಿಯಲ್ಲ, ನಿತ್ಯಾನಂದರ ಕಾರು ಓಡಿಸುತ್ತಿದ್ದ ಶಿಷ್ಯ. ಆಮೇಲೆ ಆಶ್ರಮದೊಳಗೇ ವರ್ಷಗಟ್ಟಲೆ ಇದ್ದ ಮಹಿಳೆಯೊಬ್ಬರು ಅತ್ಯಾಚಾರದ ಆರೋಪ ಮಾಡಿದರು. ಸಿಐಡಿ ತನಿಖೆ ನಡೆಯಿತು, ಆರೋಪಪಟ್ಟಿ ಸಲ್ಲಿಕೆಯಾಯಿತು. ಹಿಮಾಚಲ ಪ್ರದೇಶದಲ್ಲಿ ಬಂಧನ, ಜಾಮೀನು, ಪರೀಕ್ಷೆಗೆ ಒಪ್ಪದೆ ಸುಪ್ರೀಂ ಕೋರ್ಟಿನವರೆಗೂ ಹೋದದ್ದು, ಕೊನೆಗೆ 2014ರ ಸೆಪ್ಟೆಂಬರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ವೈದ್ಯಕೀಯ ಪರೀಕ್ಷೆ. ರಾಮನಗರದ ನ್ಯಾಯಾಲಯದಲ್ಲಿ ದೋಷಾರೋಪ ನಿಗದಿಯಾಗುವ ಹೊತ್ತಿಗೆ 2018 ಬಂದಿತ್ತು. ಒಂದು ಹೆಣ್ಣು ತನಗಾದದ್ದನ್ನು ಕೋರ್ಟಿನ ವಿಚಾರಣೆಯಲ್ಲಿ ಹೇಳಿಕೊಳ್ಳಲು ಎಂಟು ವರ್ಷ ಕಾಯಬೇಕಾಯಿತು ಎಂಬುದನ್ನು ನಾವು ಲೆಕ್ಕಕ್ಕೇ ಹಿಡಿಯುವುದಿಲ್ಲ. ಕುಡಿತ ಬಿಟ್ಟ ಮಗನ ತಾಯಿಯ ಮಾತು ಎಷ್ಟು ನಿಜವೋ ಈ ಹೆಣ್ಣಿನ ಮಾತೂ ಅಷ್ಟೇ ಗಮನ ಕೇಳುತ್ತದೆ. ಸಾವಿರ ಜನರಿಗೆ ಒಳ್ಳೆಯದಾಗಿದೆ ಎಂಬುದು ಒಬ್ಬರಿಗೆ ಕೆಟ್ಟದ್ದಾಗಿದೆ ಎಂಬ ದೂರಿಗೆ ಉತ್ತರವಾಗಲಾರದು.

ಇಂಥ ಜಗಳ ಜಗತ್ತಿಗೆ ಹಳೆಯದು. ಅಮೆರಿಕದ ಕಥೆಗಾರ ಎಲ್. ರಾನ್ ಹಬಾರ್ಡ್ 1950ರಲ್ಲಿ ‘ಡಯನೆಟಿಕ್ಸ್’ ಎಂಬ ಪುಸ್ತಕ ಬರೆದು, ಅದರ ಬೆನ್ನಿಗೇ ಸೈಂಟಾಲಜಿ ಎಂಬ ಚರ್ಚು ಕಟ್ಟಿದ. ಎರಡು ಲೋಹದ ಡಬ್ಬಿ ಹಿಡಿಸಿ, ಮೀಟರಿನ ಮುಳ್ಳು ನೋಡುತ್ತ ಪ್ರಶ್ನೆ ಕೇಳಿ, ಹಳೆಯ ನೋವುಗಳನ್ನು ಕಳೆಯುತ್ತೇವೆ ಎನ್ನುವುದು ಅದರ ಸಾಧನೆ. ಒಂದೊಂದು ಮೆಟ್ಟಿಲಿಗೂ ಹಣ ಕೊಡಬೇಕು. ಒಳಬಳಗದ ಸೇವಕರು ನೂರು ಕೋಟಿ ವರ್ಷಗಳ ಕರಾರಿಗೆ ಸಹಿ ಹಾಕುತ್ತಾರೆ. ಟೀಕಿಸುವ ಮನೆಯವರ ಜೊತೆ ಸಂಬಂಧ ಕಡಿದುಕೊಳ್ಳುವಂತೆ ಒತ್ತಾಯಿಸುತ್ತಾರೆಂದು ಬಿಟ್ಟುಬಂದವರು ದೂರುತ್ತಾರೆ, ಚರ್ಚು ಒಪ್ಪುವುದಿಲ್ಲ. ಈ ಒಂದೇ ಸಂಸ್ಥೆಯನ್ನು ಆಸ್ಟ್ರೇಲಿಯಾದ ಹೈಕೋರ್ಟು 1983ರಲ್ಲಿ ಧರ್ಮ ಎಂದು ಒಪ್ಪಿತು. ಅಮೆರಿಕದ ತೆರಿಗೆ ಇಲಾಖೆ 1993ರಲ್ಲಿ ವಿನಾಯಿತಿ ಕೊಟ್ಟಿತು. ಜರ್ಮನಿ ಅದರ ಮೇಲೆ ಸರಕಾರಿ ನಿಗಾ ಇಟ್ಟಿತು. ಫ್ರಾನ್ಸಿನ ನ್ಯಾಯಾಲಯ 2009ರಲ್ಲಿ ಅದನ್ನು ಸಂಘಟಿತ ವಂಚನೆಗೆ ತಪ್ಪಿತಸ್ಥ ಎಂದಿತು, 2013ರಲ್ಲಿ ಮೇಲಿನ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಅದೇ 2013ರ ಡಿಸೆಂಬರಿನಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟು, ಇದು ಧರ್ಮವೇ, ಇವರ ಮಂದಿರದಲ್ಲಿ ಮದುವೆಯಾಗಲು ಅಡ್ಡಿಯಿಲ್ಲ ಎಂದಿತು.

ಬ್ರಿಟನ್ನಿನ ನ್ಯಾಯಮೂರ್ತಿಗಳ ಮುಂದಿದ್ದ ಪ್ರಶ್ನೆ, ಇವರದು ನಂಬಿಕೆಯೇ ಎಂಬುದು. ಫ್ರಾನ್ಸಿನವರ ಮುಂದಿದ್ದದ್ದು, ಇವರು ಜನರಿಂದ ಹಣ ಕಿತ್ತದ್ದು ಹೇಗೆ ಎಂಬುದು. ಎರಡೂ ಉತ್ತರಗಳು ಒಟ್ಟಿಗೆ ನಿಜವಾಗಿರಬಹುದು. ಧರ್ಮ ಎಂದು ಒಪ್ಪಿಕೊಂಡ ಮಾತ್ರಕ್ಕೆ ಲೆಕ್ಕ ಕೇಳುವ ಹಕ್ಕು ಹೋಗುವುದಿಲ್ಲ.

ಇದನ್ನು ನಮಗೆ ಹೇಳಿಕೊಡಲು ಬ್ರಿಟನ್ನು ಫ್ರಾನ್ಸು ಬೇಕಿಲ್ಲ. ಉಡುಪಿಯ ಶಿರೂರು ಮಠದ ಮೊಕದ್ದಮೆಯಲ್ಲಿ ನಮ್ಮ ಸುಪ್ರೀಂ ಕೋರ್ಟು 1954ರಲ್ಲೇ ಹೇಳಿದೆ. ಧರ್ಮ ಎನಿಸಿಕೊಳ್ಳಲು ದೇವರು ಇರಲೇಬೇಕೆಂದಿಲ್ಲ, ಬೌದ್ಧರಿಗೂ ಜೈನರಿಗೂ ಸೃಷ್ಟಿಕರ್ತ ದೇವರಿಲ್ಲ. ಆಚರಣೆಯಲ್ಲಿ ಯಾವುದು ಮುಖ್ಯ ಎಂಬುದನ್ನು ಆ ಧರ್ಮದ ತತ್ವದಿಂದಲೇ ತಿಳಿಯಬೇಕು. ಆದರೆ ಹಣಕಾಸಿನಂಥ ಲೌಕಿಕ ವ್ಯವಹಾರವನ್ನು ಸರಕಾರ ಕಾನೂನಿನ ಮೂಲಕ ನಿಯಂತ್ರಿಸಬಹುದು. ಸಂವಿಧಾನದ 25ನೇ ವಿಧಿಯೂ ಧಾರ್ಮಿಕ ಸ್ವಾತಂತ್ರ್ಯವನ್ನು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳ ಮಿತಿಯೊಳಗೇ ಕೊಟ್ಟಿದೆ. ಕರ್ನಾಟಕದ 2017ರ ಮೌಢ್ಯ ಪ್ರತಿಬಂಧಕ ಕಾಯ್ದೆ ಕೂಡ ಯಾವ ನಂಬಿಕೆಯ ಹೆಸರನ್ನೂ ಹಿಡಿದು ನಿಷೇಧಿಸಲಿಲ್ಲ, ಮನುಷ್ಯನಿಗೆ ನೋವು, ಅವಮಾನ ಮಾಡುವ ಕೃತ್ಯಗಳನ್ನು ನಿಷೇಧಿಸಿತು. ಆ ದಾರಿಯೇ ಸರಿ ಎಂದು ನನ್ನ ಎಣಿಕೆ.

ಒಳಿತು ಒಂದು, ಸತ್ಯ ಇನ್ನೊಂದು ಎಂಬುದನ್ನೂ ಇಲ್ಲಿ ನೆನೆಯಬೇಕು. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಸಮಿತಿ ರಚಿಸಿದರು. ನಿಮ್ಮ ಪವಾಡಗಳನ್ನು ನಮ್ಮ ಮುಂದೆ ತೋರಿಸಿ ಎಂದು ಸತ್ಯಸಾಯಿಬಾಬಾ ಅವರಿಗೆ ಪತ್ರ ಬರೆದರು. ಉತ್ತರ ಬರಲಿಲ್ಲ. ಆ ಮೌನ ನನ್ನ ಮಟ್ಟಿಗೆ ಪವಾಡದ ಪ್ರಶ್ನೆಯನ್ನು ಮುಗಿಸಿತು. ಆದರೆ 2001ರಲ್ಲಿ ಅದೇ ಬಾಬಾ ಹೆಸರಿನಲ್ಲಿ ವೈಟ್‌ಫೀಲ್ಡಿನಲ್ಲಿ ತೆರೆದ ಆಸ್ಪತ್ರೆಯಲ್ಲಿ ಬಡವರಿಗೆ ಹೃದಯದ ಶಸ್ತ್ರಚಿಕಿತ್ಸೆ ಬಿಡಿಗಾಸಿಲ್ಲದೆ ನಡೆದದ್ದೂ ನಿಜ. ನರಸಿಂಹಯ್ಯನವರನ್ನು ಗೌರವಿಸುತ್ತಲೇ ಆ ಆಸ್ಪತ್ರೆಯ ಮುಂದೆ ಸಾಲಿನಲ್ಲಿ ನಿಂತವರನ್ನೂ ನಾನು ಗೌರವಿಸುತ್ತೇನೆ.

ಹಾಗಿದ್ದರೆ ಅಪಾಯವನ್ನು ಗುರುತಿಸುವುದು ಹೇಗೆ? ನನಗೆ ತೋಚುವ ಒರೆಗಲ್ಲು ಒಂದೇ. ಒಳಗೆ ಹೋದವರು ಬೇಕೆಂದಾಗ ಹೊರಗೆ ಬರಬಹುದೇ, ಬಂದ ಮೇಲೆ ನೆಮ್ಮದಿಯಾಗಿ ಬದುಕಬಹುದೇ? ಸಿದ್ಧಗಂಗೆಯಲ್ಲಿ ಓದಿದ ನಮ್ಮ ಕಡೆಯ ಹುಡುಗರು ಹಬ್ಬಕ್ಕೆ ಊರಿಗೆ ಬರುತ್ತಿದ್ದರು, ಓದು ಮುಗಿಸಿ ತಮ್ಮ ದಾರಿ ಹಿಡಿದರು, ಮಠವನ್ನು ಟೀಕಿಸಿದವರೂ ಇದ್ದಾರೆ. ಯಾರೂ ಅವರ ಬೆನ್ನು ಹತ್ತಲಿಲ್ಲ. ಅಲ್ಲಿನ ಶಿಸ್ತು ಕಠಿಣವಾಗಿತ್ತು, ಬೆಳಗಿನ ಜಾವದ ಪ್ರಾರ್ಥನೆ ತಪ್ಪಿಸುವಂತಿರಲಿಲ್ಲ. ಆದರೂ ಅದು ಬಾಗಿಲಿರುವ ಮನೆ.

ಧ್ಯಾನಪೀಠದ ವಿಷಯದಲ್ಲಿ ಈ ಒರೆಗಲ್ಲು ಏನು ಹೇಳುತ್ತದೆ? ಇಲ್ಲಿ 2019ರ ಪ್ರಕರಣ ನೋಡಬೇಕು. ಹಿಂದೆ ತಾವೇ ಭಕ್ತರಾಗಿದ್ದ ದಂಪತಿ ತಮ್ಮ ಮಕ್ಕಳನ್ನು 2013ರಲ್ಲಿ ಬೆಂಗಳೂರಿನ ಬಳಿಯ ಗುರುಕುಲಕ್ಕೆ ಸೇರಿಸಿದ್ದರು. ಮಕ್ಕಳನ್ನು ಅಹಮದಾಬಾದಿನ ಆಶ್ರಮಕ್ಕೆ ಕಳಿಸಿದ್ದಾರೆ, ನೋಡಲು ಬಿಡುತ್ತಿಲ್ಲ ಎಂದು ಗುಜರಾತಿನಲ್ಲಿ ದೂರು ಕೊಟ್ಟರು. ಕಿರಿಯ ಮಕ್ಕಳು ಮನೆಗೆ ಮರಳಿದರು. ಹಿರಿಯ ಹೆಣ್ಣುಮಕ್ಕಳಿಬ್ಬರು ವಯಸ್ಕರು. ನಾವು ನಮ್ಮ ಇಚ್ಛೆಯಿಂದಲೇ ಇದ್ದೇವೆ ಎಂದು ವಿದೇಶದಿಂದ ಹೇಳಿದರು. ಗುಜರಾತ್ ಹೈಕೋರ್ಟಿನ ನ್ಯಾಯಮೂರ್ತಿಗಳು ವಿಡಿಯೊ ಮೂಲಕ ಅವರನ್ನೇ ಮಾತನಾಡಿಸಿ, 2024ರಲ್ಲಿ ತಂದೆಯ ಅರ್ಜಿಯನ್ನು ಮುಗಿಸಿದರು. ಕಾನೂನಿನ ಪ್ರಕಾರ ಅದು ಸರಿಯಾದ ತೀರ್ಪು. ವಯಸ್ಸಿಗೆ ಬಂದ ಹೆಣ್ಣು ಎಲ್ಲಿರಬೇಕೆಂದು ತಂದೆ ಹೇಳುವಂತಿಲ್ಲ. ಇದೇ ಮಾತನ್ನು ನಾವು ಪ್ರೀತಿಸಿ ಮದುವೆಯಾದ ಹುಡುಗಿಯರ ಪರವಾಗಿ ಹೇಳುತ್ತೇವೆ, ಸನ್ಯಾಸಿನಿಯರಿಗೆ ಬೇರೆ ಅಳತೆ ಹಿಡಿಯಲಾಗದು.

ಆದರೂ ಆ ತಂದೆತಾಯಿಯ ಸಂಕಟ ನನ್ನನ್ನು ಬಿಡುವುದಿಲ್ಲ. ಇಚ್ಛೆ ಎಂಬುದು ಹದಿನೆಂಟು ತುಂಬಿದ ದಿನ ಆಕಾಶದಿಂದ ಇಳಿಯುವುದಿಲ್ಲ. ಎಳೆ ವಯಸ್ಸಿನಿಂದ ಒಬ್ಬನೇ ಗುರು, ಒಂದೇ ಸತ್ಯ, ಅವನ ಕೋಪವೇ ಶಾಪ ಎಂದು ಕೇಳಿ ಬೆಳೆದ ಮಗು ಮುಂದೆ ‘ನನ್ನಿಷ್ಟ’ ಎನ್ನುವಾಗ ಆ ಇಷ್ಟವನ್ನು ಯಾರು ಬೆಳೆಸಿದರು? ಭಕ್ತರು ಇದಕ್ಕೂ ಉತ್ತರ ಕೊಡುತ್ತಾರೆ: ಎಲ್ಲ ಮನೆಯಲ್ಲೂ ಮಕ್ಕಳು ಹೆತ್ತವರ ದೇವರನ್ನೇ ಪೂಜಿಸಿ ಬೆಳೆಯುತ್ತಾರಲ್ಲ? ಹೌದು. ಆದರೆ ಮನೆಯ ಮಗುವಿಗೆ ಬೀದಿಯಿದೆ, ಶಾಲೆಯಿದೆ, ಅಜ್ಜಿಯ ಊರಿದೆ, ಪಕ್ಕದ ಮನೆಯ ಬೇರೆ ದೇವರಿದ್ದಾನೆ. ಇವೆಲ್ಲ ಇಲ್ಲದ ಕಡೆ ಬೆಳೆದ ಮಗುವಿಗೆ ಹೋಲಿಸಿ ನೋಡಲು ಏನೂ ಇಲ್ಲ. ಈ ಒಂದು ವಿಷಯದಲ್ಲಿ ನನ್ನ ತಕ್ಕಡಿ ಸಮನಾಗಿ ನಿಲ್ಲುವುದಿಲ್ಲ.

ಗುರುವಿನ ನಡೆಯ ಮಾತಿಗೆ ಬರೋಣ. 2019ರ ನವೆಂಬರಿನ ಹೊತ್ತಿಗೆ ನಿತ್ಯಾನಂದ ದೇಶ ಬಿಟ್ಟಾಗಿತ್ತು. ಕರ್ನಾಟಕ ಹೈಕೋರ್ಟು 2020ರ ಫೆಬ್ರುವರಿಯಲ್ಲಿ ಜಾಮೀನು ರದ್ದುಮಾಡಿತು, ರಾಮನಗರದ ನ್ಯಾಯಾಲಯ ವಾರಂಟ್ ಹೊರಡಿಸಿತು. ‘ಕೈಲಾಸ’ ಎಂಬ ದೇಶ ಕಟ್ಟಿದ್ದೇವೆ ಎಂದು ಅವರ ಬಳಗ ಸಾರಿತು. 2023ರಲ್ಲಿ ಅದರ ಪ್ರತಿನಿಧಿಯೊಬ್ಬರು ಜಿನೀವಾದ ವಿಶ್ವಸಂಸ್ಥೆಯ ಸಭೆಯಲ್ಲಿ ಮಾತನಾಡಿದರು, ಅದನ್ನು ಪರಿಗಣಿಸುವುದಿಲ್ಲ ಎಂದು ವಿಶ್ವಸಂಸ್ಥೆ ತಿಳಿಸಿತು. ಹಿಂದೂ ಸನ್ಯಾಸಿ ಎಂಬ ಕಾರಣಕ್ಕೇ ಬೇಟೆಯಾಡುತ್ತಿದ್ದಾರೆ ಎಂಬುದು ಭಕ್ತರ ದೂರು. ಆ ದೂರನ್ನು ಹೇಳಬೇಕಾದ ಜಾಗ ರಾಮನಗರದ ಕೋರ್ಟು. ಅಲ್ಲಿ ವಕೀಲರಿದ್ದರು, ಮೇಲ್ಮನವಿಯ ದಾರಿಯಿತ್ತು, ಎಂಟೊಂಬತ್ತು ವರ್ಷ ಜಾಮೀನಿನ ರಕ್ಷಣೆಯೂ ಸಿಕ್ಕಿತ್ತು. ತಾನು ನಿರಪರಾಧಿ ಎಂದು ಸಾಬೀತುಪಡಿಸುವ ಅವಕಾಶವನ್ನು ಅವರ ಕೈಯಿಂದ ಯಾರೂ ಕಿತ್ತುಕೊಳ್ಳಲಿಲ್ಲ, ಅವರೇ ಬಿಟ್ಟುಹೋದರು. ಧ್ಯಾನದಿಂದ ಕೆಲವರ ಬದುಕು ಹಸನಾಯಿತು ಎಂಬುದನ್ನು ನಾನು ಒಪ್ಪುತ್ತೇನೆ. ಆದರೆ ದೂರು ಕೊಟ್ಟ ಹೆಣ್ಣಿನ ಎದುರು ನಿಲ್ಲದ ಗುರುವಿನ ಸಂಸ್ಥೆಗೆ ಮಗುವನ್ನು ಒಪ್ಪಿಸಬಹುದು ಎಂದು ಒಪ್ಪಲಾರೆ.

ಕಾನೂನಿನಲ್ಲಿ ಒಂದು ಕಿಂಡಿಯಿದೆ, ಅದನ್ನು ನಮ್ಮ ಕಡೆಯ ತಂದೆತಾಯಿಯರು ತಿಳಿದಿರಬೇಕು. ಶಿಕ್ಷಣ ಹಕ್ಕು ಕಾಯ್ದೆಗೆ 2012ರಲ್ಲಿ ತಂದ ತಿದ್ದುಪಡಿ ವೇದ ಪಾಠಶಾಲೆ, ಮದರಸಾ ಮತ್ತು ಮುಖ್ಯವಾಗಿ ಧಾರ್ಮಿಕ ಶಿಕ್ಷಣ ಕೊಡುವ ಸಂಸ್ಥೆಗಳನ್ನು ಕಾಯ್ದೆಯಿಂದ ಹೊರಗಿಟ್ಟಿದೆ. ಅಂಥ ಕಡೆ ಸಾಮಾನ್ಯ ಶಾಲೆಗಿರುವ ಕಟ್ಟುಪಾಡುಗಳು ಅನ್ವಯವಾಗುತ್ತವೆಂದು ನಂಬಿ ಕೂರಬೇಡಿ. ಯಾವ ಮಠ, ಯಾವ ಗುರುಕುಲ, ಯಾವ ಧರ್ಮದ ವಸತಿಶಾಲೆಯೇ ಆಗಲಿ, ಮಗುವನ್ನು ಬಿಟ್ಟುಬರುವ ಮುನ್ನ ಮೂರು ಮಾತು ಕೇಳಿ: ವಾರಕ್ಕೊಮ್ಮೆ ಮಗುವಿನ ಜೊತೆ ಒಂಟಿಯಾಗಿ ಮಾತನಾಡಬಹುದೇ, ಹೇಳದೆ ಕೇಳದೆ ಬಂದು ನೋಡಬಹುದೇ, ನಡುವೆ ಬಿಡಿಸಿಕೊಂಡು ಹೋಗುತ್ತೇವೆಂದರೆ ತಕರಾರಿಲ್ಲವೇ? ಒಂದಕ್ಕೆ ಉತ್ತರ ತಡವರಿಸಿದರೂ ಮಗುವನ್ನು ಕರೆದುಕೊಂಡು ವಾಪಸ್ ಬನ್ನಿ. ಈಗಾಗಲೇ ಸೇರಿಸಿದ್ದು, ನೋಡಲು ಬಿಡದಿದ್ದರೆ 1098ಕ್ಕೆ ಫೋನ್ ಮಾಡಿ. ಅದು ಮಕ್ಕಳ ಸಹಾಯವಾಣಿ, ಹಗಲು ರಾತ್ರಿ ತೆಗೆಯುತ್ತಾರೆ, ದುಡ್ಡು ಕೊಡಬೇಕಿಲ್ಲ.