ಶುಕ್ರವಾರ ಸಂಜೆಯ ಆತುರ ಬೇಡ

ಹದಿನಾಲ್ಕು ವರ್ಷಗಳಿಂದ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದೇನೆ. ಒಂದು ಶುಕ್ರವಾರ ಸಂಜೆ ಆರಕ್ಕೆ, ಬಸ್ ಟಿಕೆಟ್ ಕಾಯ್ದಿರಿಸುವ ಜಾಲತಾಣಕ್ಕೆ ನಾನೇ ಹೊಸ ಕೋಡ್ ಹಾಕಿದೆ. ಡೇಟಾಬೇಸ್‌ನಲ್ಲಿ ಒಂದು ಕಾಲಂನ ಹೆಸರು ಬದಲಿಸಿದ್ದೆ, ಅಷ್ಟೇ. ಎರಡು ಸರ್ವರ್‌ಗಳಲ್ಲಿ ಇನ್ನೂ ಹಳೆಯ ಕೋಡ್ ಓಡುತ್ತಿತ್ತು. ಅದು ಹಳೆಯ ಹೆಸರನ್ನೇ ಹುಡುಕುತ್ತಿತ್ತು. ಜನರ ಖಾತೆಯಿಂದ ಹಣ ಹೋಯಿತು, ಟಿಕೆಟ್ ಬರಲಿಲ್ಲ. ಹಬ್ಬಕ್ಕೆ ಊರಿಗೆ ಹೊರಟವರು ಮೆಜೆಸ್ಟಿಕ್‌ನಲ್ಲಿ ಬ್ಯಾಗು ಹಿಡಿದು ನಿಂತಿದ್ದರು.

2012ರ ಆಗಸ್ಟ್ 1ರಂದು ಅಮೆರಿಕದ ಷೇರು ವಹಿವಾಟು ಸಂಸ್ಥೆ ನೈಟ್ ಕ್ಯಾಪಿಟಲ್‌ನಲ್ಲಿ ಆದದ್ದೂ ಇಂಥದ್ದೇ. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಹೊಸ ಕೋಡ್ ತಲುಪಿರಲಿಲ್ಲ. ಅದರೊಳಗಿದ್ದ ಹಳೆಯ ಕೋಡ್ ಮತ್ತೆ ಚಾಲೂ ಆಗಿ ತಪ್ಪು ಆರ್ಡರ್‌ಗಳನ್ನು ಸುರಿಯಿತು. ಸುಮಾರು 45 ನಿಮಿಷಗಳಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ನಷ್ಟವಾಯಿತು.

ಇದಕ್ಕೆ ಮದ್ದು ಗೊತ್ತಿಲ್ಲದ್ದೇನಲ್ಲ. ಕಾಲಂನ ಹೆಸರು ಬದಲಿಸಬೇಕೇ? ಮೊದಲು ಹೊಸದನ್ನು ಸೇರಿಸಿ, ಎರಡರಲ್ಲೂ ಬರೆಯಿರಿ, ಹಳೆಯ ಮಾಹಿತಿಯನ್ನು ಹೊಸದಕ್ಕೆ ನಕಲಿಸಿ. ಎಲ್ಲ ಸರ್ವರ್‌ಗಳೂ ಹೊಸ ಕೋಡ್‌ಗೆ ಬಂದು ಹಳೆಯದನ್ನು ಮುಟ್ಟುವುದನ್ನು ಬಿಟ್ಟ ಮೇಲಷ್ಟೇ ಅದನ್ನು ತೆಗೆಯಿರಿ. ಹೊಸ ಕೋಡನ್ನು ಮೊದಲು ನೂರರಲ್ಲಿ ಒಬ್ಬ ಬಳಕೆದಾರನಿಗೆ ಮಾತ್ರ ಬಿಡಿ. ದೋಷಗಳ ಲಾಗ್ ನೋಡುತ್ತಾ ಕೂತಿರಿ. ಒಂದೇ ಆಜ್ಞೆಯಲ್ಲಿ ಹಿಂದಿನ ಆವೃತ್ತಿಗೆ ಮರಳುವ ದಾರಿಯನ್ನು ಮೊದಲೇ ಪರೀಕ್ಷಿಸಿಡಿ.

ಇದಕ್ಕೆಲ್ಲ ಎರಡು ದಿನ ಹೆಚ್ಚು ಹಿಡಿಯುತ್ತದೆ. ಗಡುವು ಹಾಕುವ ಮ್ಯಾನೇಜರುಗಳೇ, ದಯವಿಟ್ಟು ಆ ಎರಡು ದಿನ ಕೊಡಿ. ಪರದೆಯ ಆಚೆ ಬಸ್ಸಿಗೆ ಕಾದು ನಿಂತ ಮನುಷ್ಯರಿದ್ದಾರೆ.